ಮೂರು ನಾಮದ ವ್ಯಾಕರಣ

ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗ ಮೊದಲು ಸಂಧಿಪ್ರಕರಣವನ್ನೂ ಅದರ ಬೆನ್ನಿಗೇ ನಾಮಪ್ರಕರಣವನ್ನೂ ಇಟ್ಟನು. ಈ ಕ್ರಮ ಏಕೆಂಬುದು ತೀರ್ಥಹಳ್ಳಿ ಕಡೆ 31 ವರ್ಷ ಕನ್ನಡ ಪಾಠ ಹೇಳಿದರೂ ನನಗೆ ಹೊಳೆದಿರಲಿಲ್ಲ. ಹೊಳೆದದ್ದು ನೆದರ್ಲೆಂಡ್ಸಿನ ನೂರ್ಡ್‌ವೈಕಿನಲ್ಲಿ, ಮಗನ ಮನೆಯ ಸೋಫಾದ ಮೇಲೆ. ಫೋನಿನ ನೆತ್ತಿಯಲ್ಲಿ ವೈಫೈ ಕಮಾನುಗಳೆಲ್ಲ ತುಂಬಿದ್ದವು, ಅಂದರೆ ಸಂಧಿಯಾಗಿತ್ತು. ಆದರೆ ಒಂದು ಪುಟವೂ ತೆರೆಯಲೊಲ್ಲದು. ಅಂದರೆ ನಾಮ ಬಂದಿರಲಿಲ್ಲ. ಸಂಧಿಯಾದ ಮಾತ್ರಕ್ಕೆ ನಾಮ ಸಿದ್ಧಿಸುವುದಿಲ್ಲವೆಂದು ಕೇಶಿರಾಜನಿಗೆ ಏಳುನೂರು ವರ್ಷ ಮೊದಲೇ ಗೊತ್ತಿತ್ತೆಂಬುದು ಈ ಪ್ರಬಂಧದ ಮೊದಲ ಪ್ರಮೇಯ. ಒಪ್ಪದವರು ಆಕ್ಷೇಪಣೆಯನ್ನು ಅಂಚೆಯಲ್ಲಿ ಕಳಿಸಬೇಕು. ವೈಫೈಯಲ್ಲಿ ಕಳಿಸಿದರೆ ತಲುಪುವ ಭರವಸೆಯಿಲ್ಲ.

ಈ ನಾಮ ತರುವ ನಾಮಸೇವಕ, ಅಂದರೆ ನೇಮ್ ಸರ್ವರ್, ಯಾರು? ನಮ್ಮೂರ ಅಂಚೆಯಣ್ಣ. ‘ಕೆಳಮನೆ ಭಟ್ಟರ ಎರಡನೇ ಅಳಿಯ’ ಎಂದು ಬರೆದರೆ ಸಾಕು, ಕಾಗದ ಸರಿಯಾದ ಜಗಲಿಗೇ ಬೀಳುತ್ತಿತ್ತು. ಡಚ್ಚರಿಗೆ ಈ ಕಾವ್ಯವೆಲ್ಲ ಬೇಡ. ನಾಲ್ಕು ಅಂಕಿ, ಎರಡು ಅಕ್ಷರ, ಮನೆಯ ನಂಬರು, ಇಷ್ಟರಲ್ಲಿ ಯಾರ ಬಾಗಿಲನ್ನಾದರೂ ತಟ್ಟುತ್ತಾರೆ. ಗಣಕಗಳು ಡಚ್ಚರ ಜಾತಿ, ಅಂಕಿಯಲ್ಲೇ ಬದುಕುತ್ತವೆ. ಮನುಷ್ಯರು ನಮ್ಮೂರಿನವರ ಜಾತಿ. ನಡುವೆ ನಿಂತು ಹೆಸರನ್ನು ಅಂಕಿ ಮಾಡಿಕೊಡುವ ದುಭಾಷಿಯೇ ಡಿಎನ್‌ಎಸ್. ಮೊದಲು ಈ ಕೆಲಸಕ್ಕೆ ಇಡೀ ಜಾಲಕ್ಕೆ ಒಂದೇ ಕಡತವಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಶ್ಯಾನುಭೋಗಿಕೆ ಮಾಡುತ್ತಿತ್ತು. ಕಡತ ಹೊರಲಾರದಷ್ಟು ಬೆಳೆದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅದನ್ನು ಹೋಬಳಿ ಹೋಬಳಿಗೆ ಹಂಚುವ ಏರ್ಪಾಡು ಮಾಡಿದರು.

ಇನ್ನು ಸ್ಥಳಮಹಾತ್ಮೆ. ವೈಫೈಗೆ ತವರೆಂದು ಒಂದಿದ್ದರೆ ಅದು ಈ ದೇಶವೇ. ಅದರ ಪೂರ್ವಜನಾದ ವೇವ್‌ಲ್ಯಾನ್ ಹುಟ್ಟಿದ್ದು ನ್ಯೂವೆಖೈನ್ ಎಂಬ ಊರಿನಲ್ಲಿ. ಅಲ್ಲಿನ ವಿಕ್ ಹೇಯ್ಸ್ 1990ರಿಂದ ಹತ್ತು ವರ್ಷ ವೈಫೈ ನಿಯಮ ಬರೆಯುವ ಸಮಿತಿಯ ಯಜಮಾನಿಕೆ ಮಾಡಿದರು. ಹೆಸರಿನ ವಿಷಯದಲ್ಲೂ ಇವರು ಹಿಂದಿಲ್ಲ: 1986ರ ಏಪ್ರಿಲ್ 25ರಂದು ದೇಶಕ್ಕೆ ‘ಎನ್‌ಎಲ್’ ಎಂಬ ಬಾಲ ಸಿಕ್ಕಿತು. ಜಗತ್ತಿನ 13 ಮೂಲ ನಾಮಸೇವಕರಲ್ಲಿ ‘ಕೆ’ ಎಂಬುವನ ಆಡಳಿತ ಆಮ್‌ಸ್ಟರ್‌ಡಾಮಿನಲ್ಲಿದೆ. ವೈಫೈಯ ತವರಿನಲ್ಲಿ, ನಾಮದ ತವರಿನಲ್ಲಿ, ವೈಫೈ ಮೇಲೆ ನಾಮ ಸಿಗದೆ ಒಬ್ಬ ಕನ್ನಡ ಪಂಡಿತ ಸೋಫಾದ ಮೇಲೆ ಕುಳಿತಿದ್ದ. ತವರಿಗೆ ಬಂದ ಮಗಳಿಗೆ ಊಟವಿಲ್ಲವೆಂದ ಹಾಗಾಯಿತು.

ರೋಗನಿದಾನವನ್ನು ಮಗ ಕಲಿಸಿದ. “ಅಪ್ಪಾ, 9.9.9.9 ಅನ್ನೋ ಅಂಕಿ ವಿಳಾಸಕ್ಕೆ ಪಿಂಗ್ ಮಾಡಿ ನೋಡಿ. ಉತ್ತರ ಬಂದ್ರೆ ದಾರಿ ಸರಿ ಇದೆ, ದಾರಿ ಹೇಳೋನು ಸರಿ ಇಲ್ಲ ಅಂತ.” ಉತ್ತರ ಬಂತು. ಅಲ್ಲಿಗೆ ದೋಷವು ನಾಮದ್ದೆಂದು ನಿರ್ಣಯವಾಗಿ, ನಾನು ಶಾಸ್ತ್ರರಚನೆಗೆ ಕುಳಿತೆ. ಕನ್ನಡ ಸಂಧಿಗಳು ಮೂರು. ಡಿಎನ್‌ಎಸ್ ಕೆಡುವ ಬಗೆಗಳೂ ಮೂರೇ ಎಂದು ಕಂಡುಬಂತು. ನಾಲ್ಕನೆಯದು ಕಂಡುಬಂದರೆ ಅದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವ ಹಕ್ಕು ವಿದ್ವಾಂಸನಿಗೆ ಇದ್ದೇ ಇದೆ.

ಲೋಪಸಂಧಿ: ಊರು, ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರ ಹೇಳದೆ ಕೇಳದೆ ಮಾಯವಾಗುವಂತೆ, ಕೇಳಿದ ಪ್ರಶ್ನೆಯೇ ಗಾಳಿಯಲ್ಲಿ ಮಾಯವಾಗುವುದು. ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ಹೋಗುವುದು ಕಾರ್ಡಿನಲ್ಲಿ, ರಿಜಿಸ್ಟರ್ ಪೋಸ್ಟಿನಲ್ಲಲ್ಲ. ತಲುಪಿತೆಂಬ ರಸೀದಿಯಿಲ್ಲ. ಸೊಸೆ ಮೈಕ್ರೋವೇವಿನಲ್ಲಿ ಹಾಲು ಬಿಸಿಮಾಡುವಾಗ ಈ ಸಂಧಿ ಹೆಚ್ಚು. ಆ ಒಲೆಯೂ ಹಳೆಯ ವೈಫೈಯೂ ಉಸಿರಾಡುವುದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ.

ಆಗಮಸಂಧಿ: ಮನೆಯನ್ನು ಎನ್ನುವಲ್ಲಿ ಕರೆಯದೆ ಬರುವ ಯಕಾರದಂತೆ, ಇಲ್ಲದ ಹೆಸರಿಗೂ ಒಂದು ವಿಳಾಸ ಬಂದು ಕೂರುವುದು. 2003ರ ಸೆಪ್ಟೆಂಬರಿನಲ್ಲಿ ವೆರಿಸೈನ್ ಕಂಪನಿ, ‘ಕಾಮ್’ ಬಾಲದ ಯಾವ ತಪ್ಪು ಹೆಸರು ಟೈಪಿಸಿದರೂ ತನ್ನ ಪುಟಕ್ಕೇ ಕರೆದೊಯ್ಯುವಂತೆ ಮಾಡಿತ್ತು. ಗಲಾಟೆಯಾಗಿ ಮೂರು ವಾರದೊಳಗೆ ನಿಲ್ಲಿಸಬೇಕಾಯಿತು.

ಆದೇಶಸಂಧಿಯೇ ಅತ್ಯಂತ ಘನವಾದದ್ದು. ಮಳೆ, ಕಾಲ ಸೇರುವಾಗ ಕಕಾರವನ್ನು ಎಬ್ಬಿಸಿ ಗಕಾರ ಕೂತುಬಿಡುತ್ತದೆ. ಹೋಟೆಲು, ಕಾಫಿ ಅಂಗಡಿಗಳ ವೈಫೈಯಲ್ಲಿ ನೀವು ಪತ್ರಿಕೆಯ ಹೆಸರು ಹೇಳಿದರೆ ಬರುವುದು ‘ನಿಯಮಗಳನ್ನು ಒಪ್ಪಿದ್ದೇನೆ’ ಎಂಬ ಗುಂಡಿಯ ಪುಟ. ಒಪ್ಪುವವರೆಗೂ ಅಲ್ಲಿನ ನಾಮಸೇವಕ ಜಗತ್ತಿನ ಎಲ್ಲ ಹೆಸರಿಗೂ ತನ್ನ ವಿಳಾಸವನ್ನೇ ಹೇಳುವುದುಂಟು. ಸರ್ವಂ ಖಲ್ವಿದಂ ಎಂಬ ಅದ್ವೈತವನ್ನು ಇಷ್ಟು ಅಗ್ಗವಾಗಿ ಬೇರೆ ಯಾರೂ ಆಚರಣೆಗೆ ತಂದಿಲ್ಲ.

ನಮ್ಮ ಮನೆಯದು ಯಾವ ಸಂಧಿ? ಇಲ್ಲಿ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆಯನ್ನು ಪ್ರಮಾಣವಾಗಿ ಸ್ವೀಕರಿಸಬೇಕು. ಒಂದು ಕಂಪನಿ ಕೊಟ್ಟ ರೂಟರ್ ಪೆಟ್ಟಿಗೆ, ಮನೆಗೆ ಬಂದ ಪ್ರತಿ ಫೋನಿಗೂ ‘ಹೆಸರು ಬೇಕಿದ್ದರೆ ನನ್ನನ್ನೇ ಕೇಳು’ ಎಂದು ಕಿವಿಯಲ್ಲಿ ಊದುತ್ತದೆ. ಸ್ವತಃ ಅದಕ್ಕೆ ಏನೂ ಗೊತ್ತಿಲ್ಲ. ಮೇಲಿನವರನ್ನು ಕೇಳಿ ಹೇಳುವುದಷ್ಟೇ ಕೆಲಸ. ಮೇಲಿನ 13 ದೇವರೂ ಎಚ್ಚರವಾಗಿದ್ದರು. ಪೂಜಾರಿ ತೂಕಡಿಸುತ್ತಿದ್ದ.

ಮಗ ಕೆಲಸ ಮಾಡುವುದು ಇದೇ ಊರಿನ ಎಸ್ಟೆಕ್‌ನಲ್ಲಿ, ಅಂದರೆ ಯುರೋಪಿನ ಬಾಹ್ಯಾಕಾಶ ತಂತ್ರಜ್ಞಾನ ಕೇಂದ್ರದಲ್ಲಿ. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಶನಿಯ ಟೈಟನ್ ಚಂದ್ರನ ಮೇಲೆ ಇಳಿದಾಗ ಅದರ ಸುದ್ದಿ ಸುಮಾರು 120 ಕೋಟಿ ಕಿಲೋಮೀಟರ್ ದಾಟಿ 67 ನಿಮಿಷದಲ್ಲಿ ಭೂಮಿ ಮುಟ್ಟಿತು. ಸೋಫಾದಿಂದ ಪೆಟ್ಟಿಗೆಗೆ ನಾಲ್ಕು ಮೀಟರು. ಸುದ್ದಿ ಇನ್ನೂ ಬರುತ್ತಲೇ ಇತ್ತು. ಇದನ್ನು ಎತ್ತಿ ಆಡಿದಾಗ ಮಗ ಪ್ರಾಮಾಣಿಕವಾಗಿ ಒಪ್ಪಿಕೊಂಡ: ಅಲ್ಲಿಯೂ ಎರಡು ದಾರಿಗಳಿದ್ದವು, ಒಂದರ ರಿಸೀವರ್ ಆನ್ ಮಾಡುವ ಆಜ್ಞೆಯೇ ಬಿಟ್ಟುಹೋಗಿ, ಬರಬೇಕಿದ್ದ ಸುಮಾರು 700 ಚಿತ್ರಗಳಲ್ಲಿ 350 ಮಾತ್ರ ಬಂದವು. ಎರಡನೆಯ ದಾರಿ ಇರುವುದು ಬೇರೆ, ಅದು ಎಚ್ಚರವಾಗಿರುವುದು ಬೇರೆ.

ಇದನ್ನೇ ಲಿನಕ್ಸ್ ಗಣಕದ ಹೆಸರಿನ ಕಡತವೂ ಹೇಳುತ್ತದೆ. ಅದರಲ್ಲಿ ಎಷ್ಟು ನಾಮಸೇವಕರನ್ನು ಬರೆದರೂ ಲೆಕ್ಕಕ್ಕೆ ಬರುವುದು ಮೂರೇ. ಮೊದಲನೆಯವನು ಸತ್ತಿದ್ದರೆ ಪ್ರತಿ ಹೆಸರಿಗೂ ಐದು ಸೆಕೆಂಡು ಅವನ ಮುಖ ನೋಡಿ, ಆಮೇಲೆ ಎರಡನೆಯವನ ಬಳಿ ಹೋಗಬೇಕು. ಮೂವರೂ ಒಂದೇ ಕಂಪನಿಯವರಾಗಿ ಒಟ್ಟಿಗೆ ಮಲಗಿದರೆ ಆಗುವುದಕ್ಕೆ ಕನ್ನಡದಲ್ಲಿ ಸಿದ್ಧ ಪಾರಿಭಾಷಿಕ ಪದವಿದೆ: ಮೂರು ನಾಮ. ಈ ನುಡಿಗಟ್ಟಿನ ಮೂಲ ತಿರುಪತಿಯೆಂದು ಇದುವರೆಗೆ ನಂಬಲಾಗಿತ್ತು. ತಿದ್ದುಪಡಿ ಅಗತ್ಯ.

ಪರಿಹಾರವನ್ನು ಭಾನುವಾರ ಮಾಡಿದೆವು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಗಣಕದಲ್ಲಿ ಆಮ್‌ಸ್ಟರ್‌ಡಾಮಿನ ಎನ್‌ಎಲ್‌ನೆಟ್ ಲ್ಯಾಬ್ಸ್ ಬರೆದ ‘ಅನ್‌ಬೌಂಡ್’ ತಂತ್ರಾಂಶ ಹಾಕಿ, ಮಗ ಪೆಟ್ಟಿಗೆಗೆ ತಂತಿಯಲ್ಲಿ ಜೋಡಿಸಿದ. ಅದು ಪೂಜಾರಿಯನ್ನು ಬಿಟ್ಟು ನೇರ ಗರ್ಭಗುಡಿಗೇ ಹೋಗಿ ಕೇಳುತ್ತದೆ, ಕೇಳಿದ್ದನ್ನು ನೆನಪಿಡುತ್ತದೆ. ‘ಅಂಥ ಹೆಸರೇ ಇಲ್ಲ’ ಎಂಬ ಉತ್ತರವನ್ನೂ ಸ್ವಲ್ಪ ಹೊತ್ತು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಇದು ಮೀಮಾಂಸಕರ ಅನುಪಲಬ್ಧಿ ಪ್ರಮಾಣ. ಪುಟಗಳು ತೆರೆದವು. ಹೊರಗೆ ಹೋದಾಗಲೂ ಯಾರೂ ನನಗೆ ನಾಮ ಹಾಕಬಾರದೆಂದು, ನನ್ನ ಫೋನಿಗೆ ಅದೇ 9.9.9.9ರ ಕ್ವಾಡ್‌ನೈನ್‌ನವರ ಖಾಸಗಿ ಡಿಎನ್‌ಎಸ್ ಕೊಟ್ಟು, ಬೇರೆ ಯಾರ ಮಾತನ್ನೂ ನಂಬದಂತೆ ಕಟ್ಟುಮಾಡಿಸಿಕೊಂಡೆ. ನನ್ನ ಹೆಂಡತಿ, ಇವಳ ಫೋನಿಗೂ ಮಾಡೋಣವೆಂದರೆ, “ನಂದು ಮುಟ್ಬೇಡಿ” ಎಂದಳು.

ಸಂಜೆ ಸಮುದ್ರದ ದಂಡೆಗೆ ಹೋದೆವು. ಗಾಳಿ ಜೋರಿತ್ತು, ಒಂದು ಕಾಫಿ ಅಂಗಡಿ ಹೊಕ್ಕೆವು. ಅಲ್ಲಿನ ವೈಫೈ ನನ್ನ ಫೋನಿಗೂ ಸೇರಿಕೊಂಡಿತು, ಕಮಾನುಗಳು ತುಂಬಿದವು. ಆದರೆ ಒಪ್ಪಿಗೆಯ ಪುಟ ಬರಬೇಕಾದರೆ ಅಂಗಡಿಯ ನಾಮಸೇವಕನ ಸುಳ್ಳನ್ನು ಒಮ್ಮೆ ನಂಬಬೇಕು. ನನ್ನ ಫೋನು ನಂಬಲಿಲ್ಲ. ಒಪ್ಪದವನಿಗೆ ಅಂಗಡಿ ಹೊರದಾರಿ ಬಿಡಲಿಲ್ಲ. ಶಿವಮೊಗ್ಗದ ಮಗಳಿಗೆ ಕರೆ ಮಾಡುವ ಹೊತ್ತಾಗಿತ್ತು. ನಾನು ಸೆಟ್ಟಿಂಗ್ಸ್ ಬಗೆಯುತ್ತಿದ್ದಾಗ, ಇವಳು ಏನೋ ಡಚ್ ಪುಟ ಬಂತೆಂದು ಗುಂಡಿ ಒತ್ತಿ, ಆಗಲೇ ಮಾತಾಡುತ್ತಿದ್ದಳು.

“ರೀ, ಇವ್ಳು ಕೇಳ್ತಿದಾಳೆ, ಅಪ್ಪ ಎಲ್ಲಿ, ಕಾಣ್ತಾನೇ ಇಲ್ಲ ಅಂತ. ಏನು ಹೇಳ್ಲಿ?”