ಆಕ್ಸನಾರ್‌ನ 21 ನಿಮಿಷ

“ಸ್ಟಾರ್ ಟ್ರೆಕ್ ನೋಡಿ ಬೆಳೆದ ಅಭಿಮಾನಿಗಳೇ ದುಡ್ಡು ಕೂಡಿಸಿ ಮಾಡಿದ ಚಿತ್ರ ಅಂತೀರಿ. ಅಂಥದ್ದರಲ್ಲಿ ಕೂತು ನೋಡೋ ಅಂಥದ್ದು ಏನಿರುತ್ತೆ?” ಕಾಂಪೌಂಡಿನ ಆ ಕಡೆಯಿಂದ ಮೇಷ್ಟ್ರು ಕೇಳಿದರು.

ಇರುತ್ತೆ ಮೇಷ್ಟ್ರೇ. ಎಲ್ಲದರಲ್ಲೂ ಅಂತ ಹೇಳೋದಿಲ್ಲ. ಆದರೆ 2014ರಲ್ಲಿ ಬಂದ, ಮುಂದೆ ಮಾಡಬೇಕಿದ್ದ ಪೂರ್ತಿ ಚಿತ್ರಕ್ಕೆ ಮುನ್ನುಡಿಯ ಹಾಗಿರೋ 21 ನಿಮಿಷದ ‘ಪ್ರೆಲ್ಯೂಡ್ ಟು ಆಕ್ಸನಾರ್’ ನೋಡಿದ ಮೇಲೆ ಆ ಪ್ರಶ್ನೆಯನ್ನ ನೀವು ಇನ್ನೊಂದು ಥರ ಕೇಳ್ತೀರಿ. 1969ರ ಜನವರಿಯಲ್ಲಿ ಪ್ರಸಾರವಾದ ಮೂಲ ಸ್ಟಾರ್ ಟ್ರೆಕ್ ಧಾರಾವಾಹಿಯ ಒಂದು ಕಂತಿನಲ್ಲಿ ಗಾರ್ತ್ ಅಂತ ಒಬ್ಬ ಬರ್ತಾನೆ. ಹಿಂದೆ ದೊಡ್ಡ ಹಡಗಿನ ಕಪ್ತಾನ, ಈಗ ಬುದ್ಧಿ ಕೆಟ್ಟು ಯಾವುದೋ ಗ್ರಹದ ಹುಚ್ಚಾಸ್ಪತ್ರೆಯಲ್ಲಿ ಇರೋನು. ಅವನು ಆಕ್ಸನಾರ್ ಅನ್ನೋ ಕಡೆ ಯುದ್ಧ ಗೆದ್ದಿದ್ದ, ಆ ಯುದ್ಧದ ಪಾಠವನ್ನ ಧಾರಾವಾಹಿಯ ನಾಯಕ ಕಪ್ತಾನ ಕರ್ಕ್ ಕೂಡ ಓದಿದ್ದ ಅಂತ ಮಾತಿನಲ್ಲಿ ಬಂದು ಹೋಗುತ್ತೆ. ತೋರಿಸೋದಿಲ್ಲ. ಅಷ್ಟನ್ನೇ ಹಿಡಕೊಂಡು ಆ ಯುದ್ಧ ಹೇಗೆ ನಡೆದಿರಬಹುದು ಅಂತ ಅಲೆಕ್ ಪೀಟರ್ಸ್ ಅನ್ನೋ ಅಭಿಮಾನಿ ಮತ್ತು ಜೊತೆಗಾರರು ಕಥೆ ಕಟ್ಟಿದರು.

“ನಮ್ಮ ಯಕ್ಷಗಾನದ ಪ್ರಸಂಗಕರ್ತರು ಮಹಾಭಾರತದಲ್ಲಿ ನಾಲ್ಕು ಸಾಲಲ್ಲಿ ಬಂದ ಪಾತ್ರಕ್ಕೆ ಇಡೀ ರಾತ್ರಿಯ ಆಟ ಬರೆದ ಹಾಗೆ” ಅಂದರು ಮೇಷ್ಟ್ರು.

ಹೌದು, ಅದೇ. ಆದರೆ ಇವರ ಕೈಯಲ್ಲಿ ಇಡೀ ರಾತ್ರಿಯ ಬಂಡವಾಳ ಇರಲಿಲ್ಲ. ಕಿಕ್‌ಸ್ಟಾರ್ಟರ್ ಅನ್ನೋ ಜಾಲತಾಣದ ಮೂಲಕ ಜನರಿಂದ ಕೂಡಿದ್ದು ಒಂದು ಲಕ್ಷ ಡಾಲರಿಗಿಂತ ಸ್ವಲ್ಪ ಹೆಚ್ಚು. ಬಾಹ್ಯಾಕಾಶದ ಯುದ್ಧ ತೋರಿಸೋದಕ್ಕೆ ಅದು ಯಾವ ಮೂಲೆಗೂ ಸಾಲದು. ಹಾಗಾಗಿ ಅವರು ಸಾಕ್ಷ್ಯಚಿತ್ರದ ವೇಷ ಹಾಕಿದರು. ಯುದ್ಧ ಮುಗಿದು ಹೋಗಿದೆ. ಅದರಲ್ಲಿ ಹೋರಾಡಿದವರು ಒಬ್ಬೊಬ್ಬರಾಗಿ ಕ್ಯಾಮೆರಾ ಮುಂದೆ ಕೂತು ನೆನಪು ಹೇಳ್ತಾರೆ, ನಡುನಡುವೆ ಕಾಳಗದ ತುಣುಕು. ಸಿನಿಮಾದ ಅರ್ಧ ಗೆಲುವು ಈ ಒಂದು ತೀರ್ಮಾನದಲ್ಲೇ ಇದೆ. ಹಡಗಿನೊಳಗಿನ ದೊಡ್ಡ ಸೆಟ್ಟು ಬೇಡ, ನೂರು ಜನ ಸೈನಿಕರು ಬೇಡ. ಒಂದು ಮುಖ, ಅದರ ಮೇಲೆ ಒಳ್ಳೆಯ ಬೆಳಕು, ಹೇಳಿಕೊಳ್ಳೋಕೆ ಒಂದು ನೋವು ಇದ್ದರೆ ಸಾಕು. ಸಾಮಾನ್ಯವಾಗಿ ಅಭಿಮಾನಿಗಳ ಚಿತ್ರ ಸೋಲೋದು ಇಲ್ಲೇ. ದುಡ್ಡಿಲ್ಲದಿದ್ದರೂ ಸ್ಟುಡಿಯೋದವರು ಮಾಡಿದ್ದನ್ನೇ ಮಾಡೋಕೆ ಹೊರಡ್ತಾರೆ, ಆಗ ಇಲ್ಲದ್ದೆಲ್ಲ ಎದ್ದು ಕಾಣುತ್ತೆ. ನಿರ್ದೇಶಕ ಕ್ರಿಶ್ಚಿಯನ್ ಗಾಸೆಟ್ ತಮ್ಮ ಹತ್ತಿರ ಏನಿಲ್ಲ ಅನ್ನೋದನ್ನ ಮೊದಲು ಲೆಕ್ಕ ಹಾಕಿ, ಅದು ಬೇಕಾಗದ ಹಾಗೆ ಚಿತ್ರ ಕಟ್ಟಿದರು.

ಮುಖ ಅಂದೆನಲ್ಲ, ಎಂಥೆಂಥ ಮುಖಗಳು ಗೊತ್ತಾ! ಟೋನಿ ಟಾಡ್, ಜೆ. ಜಿ. ಹರ್ಟ್ಸ್‌ಲರ್, ಗ್ಯಾರಿ ಗ್ರಹಾಂ, ಕೇಟ್ ವೆರ್ನನ್. ಎಲ್ಲರೂ ಪಳಗಿದ ನಟರು. ಇವರೆಲ್ಲರಿಗಿಂತ ನನ್ನ ಮನಸ್ಸಲ್ಲಿ ನಿಂತೋರು ರಿಚರ್ಡ್ ಹ್ಯಾಚ್. 1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ದ ನಾಯಕ ನಟ ಅವರು. ಇಲ್ಲಿ ಶತ್ರು ಪಕ್ಷದ ಕ್ಲಿಂಗಾನ್ ಸೇನಾಪತಿ ಖಾರ್ನ್. ಹಣೆ ತುಂಬ ಏಣುಗಳು, ಅರ್ಧ ಮುಖ ಬಣ್ಣದಲ್ಲಿ ಮುಚ್ಚಿಹೋಗಿದೆ. ಆದರೂ ಅವರು ಅಬ್ಬರಿಸೋದಿಲ್ಲ. ಗಾರ್ತ್‌ನ ಬಗ್ಗೆ ಮಾತಾಡುವಾಗ ಆ ದನಿಯಲ್ಲಿ ಹಗೆ ಇದೆ, ಹಗೆಯ ಒಳಗೆ ಗೌರವ ಇದೆ. ನಮ್ಮವನ ಪರಾಕ್ರಮವನ್ನ ನಮ್ಮವರೇ ಹೊಗಳಿದರೆ ಅದು ಭಾಷಣ ಆಗುತ್ತೆ. ಎದುರಾಳಿ ಒಪ್ಪಿಕೊಂಡಾಗ ನಂಬಿಕೆ ಹುಟ್ಟುತ್ತೆ. ಹ್ಯಾಚ್ 2017ರಲ್ಲಿ ತೀರಿಕೊಂಡರು. ಅವರ ಒಳ್ಳೆಯ ಕೆಲಸಗಳನ್ನ ಎಣಿಸುವಾಗ ಈ ಪುಟ್ಟ ಚಿತ್ರವನ್ನ ಬಿಡಬಾರದು ಅಂತ ನನ್ನ ಆಸೆ.

ಹಡಗುಗಳ ಕಾಳಗವನ್ನ ಕಂಪ್ಯೂಟರಿನಲ್ಲಿ ಮೂಡಿಸಿದ್ದು ಜರ್ಮನಿಯ ಟೋಬಿಯಾಸ್ ರಿಕ್ಟರ್. ಆ ಕೆಲಸ ದೊಡ್ಡ ಸ್ಟುಡಿಯೋಗಳ ಪಕ್ಕ ಧೈರ್ಯವಾಗಿ ನಿಲ್ಲುತ್ತೆ.

“ಬರೀ ಹೊಗಳ್ತಾ ಇದೀರಿ. ಕೊರತೆ ಇಲ್ಲವೇ ಇಲ್ಲವಾ?”

ಇದೆ. ಅದೂ ಮನಸ್ಸಿಗೆ ಚುಚ್ಚೋ ಅಂಥದ್ದು. ಈ ಚಿತ್ರದಲ್ಲಿ ಮಾತಾಡೋರು ಯಾರ್ಯಾರು ನೋಡಿ: ಕಪ್ತಾನರು, ಸೇನಾಪತಿ, ಅಡ್ಮಿರಲ್, ವಲ್ಕನ್ ಗ್ರಹದ ರಾಯಭಾರಿ. ಎಲ್ಲರೂ ಆಜ್ಞೆ ಕೊಟ್ಟವರೇ. ಆಜ್ಞೆ ಪಾಲಿಸಿದವರು ಒಬ್ಬರೂ ಇಲ್ಲ. ಅಮೆರಿಕದಲ್ಲಿ ಕೆನ್ ಬರ್ನ್ಸ್ 1990ರಲ್ಲಿ ಅಂತರ್ಯುದ್ಧದ ಬಗ್ಗೆ ಸಾಕ್ಷ್ಯಚಿತ್ರ ಮಾಲಿಕೆ ಮಾಡಿದರಲ್ಲ, ಅದರಲ್ಲಿ ಸಲ್ಲಿವನ್ ಬಲೂ ಅನ್ನೋ ಮೇಜರ್ 1861ರಲ್ಲಿ ಹೆಂಡತಿಗೆ ಬರೆದ ಕಾಗದವನ್ನ ಓದಿಸ್ತಾರೆ. ಅದಾಗಿ ಕೆಲವೇ ದಿನಕ್ಕೆ ಆತ ಬುಲ್ ರನ್ ಕಾಳಗದಲ್ಲಿ ಪೆಟ್ಟು ತಿಂದು ಸತ್ತ. ದಂಡನಾಯಕರ ತಂತ್ರಗಳೆಲ್ಲ ಮರೆತರೂ ಆ ಕಾಗದವನ್ನ ನೋಡಿದವರು ಮರೆಯೋದಿಲ್ಲ. ಆಕ್ಸನಾರ್‌ನಲ್ಲಿ ಅಂಥ ಒಂದು ಕಾಗದ ಬೇಕಿತ್ತು. ಇಂಜಿನ್ ಕೋಣೆಯಲ್ಲಿ ಕೆಲಸ ಮಾಡಿದ ಹುಡುಗಿ ಒಬ್ಬಳನ್ನ ಎರಡು ನಿಮಿಷ ಆ ಕುರ್ಚಿ ಮೇಲೆ ಕೂರಿಸಿದ್ದರೆ ಖರ್ಚೇನೂ ಹೆಚ್ಚುತ್ತಿರಲಿಲ್ಲ. ಅವಳು ಇಲ್ಲದ ಕಾರಣ ಕಥೆ ಹಡಗುಗಳ ಪೈಪೋಟಿ ಆಗಿಬಿಟ್ಟಿದೆ. ಅವರು ಹೊಸ ಹಡಗು ತಂದರು, ಇವರು ಅದಕ್ಕಿಂತ ದೊಡ್ಡದು ತಂದರು. ಸ್ಟಾರ್ ಟ್ರೆಕ್ಕನ್ನ ಜನ ಪ್ರೀತಿಸಿದ್ದು ಅದಕ್ಕಲ್ಲ.

ಇನ್ನೊಂದು ಸಂಗತಿ. ಗಾರ್ತ್ ಮುಂದೆ ಹುಚ್ಚನಾಗ್ತಾನೆ ಅಂತ ಮೂಲ ನೋಡಿದ ಪ್ರತಿಯೊಬ್ಬರಿಗೂ ಗೊತ್ತು. ಗೆದ್ದ ವೀರ ಕೊನೆಗೆ ಯಾಕೆ ಒಡೆದುಹೋದ? ಇಂಥ ಪ್ರಶ್ನೆ ಕೈಯಲ್ಲಿ ಇಟ್ಟುಕೊಂಡೂ ಚಿತ್ರ ಅದನ್ನ ಮುಟ್ಟೋದಿಲ್ಲ. ಗಾರ್ತ್ ಆಗಿ ಕೂತಿರೋದು ಪೀಟರ್ಸ್ ಅವರೇ. ಶ್ರದ್ಧೆಗೆ ಕೊರತೆ ಇಲ್ಲ, ಆದರೆ ಅಷ್ಟು ಪಳಗಿದವರ ನಡುವೆ ಅವರ ಮಾತು ಕಂಠಪಾಠದ ಹಾಗೆ ಕೇಳುತ್ತೆ. ಆ ಪಾತ್ರವನ್ನ ಟೋನಿ ಟಾಡ್ ಕೈಗೆ ಕೊಟ್ಟಿದ್ದರೆ ಅಂತ ಅನ್ನಿಸದೆ ಇರೋದಿಲ್ಲ.

“ಬೇರೆಯವರು ಹೇಗೆ ಮಾಡಿದ್ದಾರೆ?”

ನ್ಯೂಯಾರ್ಕ್ ರಾಜ್ಯದ ಟಿಕೊಂಡೆರೋಗದಲ್ಲಿ ಜೇಮ್ಸ್ ಕಾಲಿ ಅನ್ನೋರು ಮೂಲ ಧಾರಾವಾಹಿಯ ಸೆಟ್ಟುಗಳನ್ನೇ ಹೊಸದಾಗಿ ಕಟ್ಟಿಸಿ ‘ನ್ಯೂ ವಾಯೇಜಸ್’ ಅನ್ನೋ ಅಭಿಮಾನಿ ಸರಣಿ ಮಾಡಿದರು. ನಟನೆ ಎಷ್ಟೋ ಕಡೆ ತಡವರಿಸುತ್ತೆ. ಆದರೆ 2007ರ ಒಂದು ಕಂತಿನಲ್ಲಿ ಮೂಲ ಧಾರಾವಾಹಿಯಲ್ಲಿ ಸೂಲು ಪಾತ್ರ ಮಾಡಿದ್ದ ಜಾರ್ಜ್ ಟಕೇ ಅವರೇ ಬಂದು ನಟಿಸಿದರು, ಅದರಲ್ಲಿ ಮಗಳನ್ನ ಕಳಕೊಳ್ಳೋ ತಂದೆಯ ದುಃಖ ಇದೆ. ಅದು ವಿಜ್ಞಾನ ಕಥೆಗಳಿಗೆ ಕೊಡೋ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಗೂ ಹೋಯಿತು. ಆಕ್ಸನಾರ್‌ಗೆ ನಯ ಇದೆ, ಇದಕ್ಕೆ ಕರುಳಿದೆ. ಎರಡನ್ನೂ ಒಟ್ಟಿಗೆ ನೋಡಬೇಕು.

“ಆಕ್ಸನಾರ್ ಪೂರ್ತಿ ಚಿತ್ರ ಬಂತಾ ಮತ್ತೆ?”

ಆಗಬೇಕಾಗಿದ್ದ ಹಾಗೆ ಆಗಲಿಲ್ಲ. ಮುನ್ನುಡಿ ನೋಡಿ ಮೆಚ್ಚಿದ ಜನ ಪೂರ್ತಿ ಚಿತ್ರಕ್ಕೆ ಅಂತ ಕೊಟ್ಟ ಹಣ ಹತ್ತು ಲಕ್ಷ ಡಾಲರ್ ದಾಟಿತು. ಹಕ್ಕುದಾರರಾದ ಸಿಬಿಎಸ್ ಮತ್ತು ಪ್ಯಾರಾಮೌಂಟ್ 2015ರ ಡಿಸೆಂಬರಿನಲ್ಲಿ ಕೋರ್ಟಿಗೆ ಹೋದರು, 2017ರ ಜನವರಿಯಲ್ಲಿ ರಾಜಿ ಆಯಿತು. ಅಷ್ಟರಲ್ಲಿ, 2016ರ ಜೂನಿನಲ್ಲಿ, ಅಭಿಮಾನಿ ಚಿತ್ರಗಳಿಗೆ ನಿಯಮ ಬಂದಿತ್ತು. ಒಂದು ಕಥೆ 15 ನಿಮಿಷ ಮೀರಬಾರದು, ಎರಡು ಕಂತಾದರೆ ಒಟ್ಟು 30 ನಿಮಿಷ. ಜನರಿಂದ ಎತ್ತುವ ಹಣ 50,000 ಡಾಲರ್ ದಾಟಬಾರದು. ಯಾರಿಗೂ ಸಂಬಳ ಕೊಡಬಾರದು. ಸ್ಟಾರ್ ಟ್ರೆಕ್‌ನಲ್ಲಿ ಹಿಂದೆ ಕೆಲಸ ಮಾಡಿದವರು ಇರಲೇಬಾರದು. ಹಕ್ಕುದಾರರ ಸ್ವತ್ತು ಅವರದ್ದೇ, ಅದರಲ್ಲಿ ನನಗೆ ತಕರಾರಿಲ್ಲ. ಅಷ್ಟು ದೊಡ್ಡ ಮೊತ್ತ ಕೂಡಿಸಿದ ಮೇಲೆ ಅದನ್ನ ಹವ್ಯಾಸ ಅನ್ನೋದೂ ಕಷ್ಟ. ಆದರೆ ಆ ಕೊನೆಯ ನಿಯಮ ನನಗೆ ಸಂಕಟ ಕೊಡುತ್ತೆ. ಟಾಡ್, ಹರ್ಟ್ಸ್‌ಲರ್, ಗ್ರಹಾಂ ಮೂವರೂ ಸ್ಟಾರ್ ಟ್ರೆಕ್‌ನಲ್ಲಿ ನಟಿಸಿದವರು. ಈ ನಿಯಮದಲ್ಲಿ ಅವರಿಗೆ ಜಾಗವೇ ಇಲ್ಲ. ಟಕೇಗೂ ಇಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿದರು. “ಸರಿ, 21 ನಿಮಿಷವನ್ನ 15ಕ್ಕೆ ಇಳಿಸಿ ಅಂದರೆ ಏನು ಕತ್ತರಿಸ್ತೀರಿ?”

ಹಡಗುಗಳ ಕಾಳಗ. ರಿಕ್ಟರ್ ಕೆಲಸ ಎಷ್ಟೇ ಚೆನ್ನಾಗಿರಲಿ, ಅದನ್ನೇ. ಹ್ಯಾಚ್ ಮಾತಾಡೋ ಒಂದು ಕ್ಷಣವನ್ನೂ ನಾನು ಮುಟ್ಟೋದಿಲ್ಲ.