ರಾಜನ ಹಬ್ಬ, ಯುರೋ ಲೆಕ್ಕ

ಡೆಲ್ಫ್ಟ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುವ ನಮ್ಮ ಹುಡುಗನನ್ನು ಗುರುತು ಹಿಡಿಯುವುದು ಸುಲಭ. ಬೆಲೆಚೀಟಿ ಕಂಡ ಕಡೆಯೆಲ್ಲ ಅವನ ತುಟಿ ಅಲ್ಲಾಡುತ್ತದೆ. ಅದು ಮಂತ್ರವಲ್ಲ, ನೂರರ ಮಗ್ಗಿ. ಒಂದು ಯುರೋಗೆ ನೂರು ರೂಪಾಯಿ ಅಂತಿಟ್ಟುಕೊಂಡರೆ ಗುಣಿಸುವುದು ಸಲೀಸು. ನಿಜವಾದ ದರ ಅದಕ್ಕಿಂತ ಆಚೀಚೆ ಇದ್ದರೆ ಅದು ಎಜುಕೇಶನ್ ಲೋನಿಗೆ ಸಹಿ ಹಾಕಿದ ಅಪ್ಪನ ತಲೆನೋವು.

ಏಪ್ರಿಲ್ 27 ಬಂತೆಂದರೆ ಇವನಿಗೆ ಭಾರಿ ಪರೀಕ್ಷೆ. ನೆದರ್‌ಲ್ಯಾಂಡ್ಸ್‌ನ ರಾಜ ವಿಲ್ಲೆಮ್-ಅಲೆಕ್ಸಾಂಡರ್ ಹುಟ್ಟಿದ್ದು 1967ರ ಆ ದಿನ. ರಾಜಮನೆತನದ ಹೆಸರೇ ಆರೆಂಜ್-ನಸ್ಸೌ ಆದ್ದರಿಂದ ಇಡೀ ದೇಶ ಕಿತ್ತಳೆ ಬಣ್ಣ ತೊಟ್ಟು ಬೀದಿಗಿಳಿಯುತ್ತದೆ. ನಮ್ಮ ಹುಡುಗನೋ ಅಪ್ಪಟ ಆರ್‌ಸಿಬಿ. ಐಪಿಎಲ್ ನಡೆಯುವ ಹೊತ್ತಿನಲ್ಲಿ ಕಿತ್ತಳೆ ಅಂಗಿಯ ಫೋಟೊ ಹಾಕಿದರೆ, ‘ಏನ್ ಮಗಾ, ಹೈದರಾಬಾದ್ ಕಡೆ ಸೇರ್ಕೊಂಡ್ಯಾ?’ ಅಂತ ಬೆಂಗಳೂರಿನ ಗೆಳೆಯರು ಉಗಿಯದೆ ಬಿಡುವುದಿಲ್ಲ. ಮೇಲಾಗಿ ಟೀ ಶರ್ಟಿಗೆ 10 ಯುರೋ. ತುಟಿ ಅಲ್ಲಾಡಿತು, ಸಾವಿರ ರೂಪಾಯಿ! ಕೊನೆಗೆ, ಊರಿನಿಂದ ಹೊರಡುವಾಗ ಅಮ್ಮ ಸೂಟ್‌ಕೇಸಿನ ತಳದಲ್ಲಿ ತುರುಕಿದ್ದ ಪೂಜೆಯ ಕೇಸರಿ ಶಲ್ಯ ಹೊರಗೆ ಬರುತ್ತದೆ. ಡಚ್ಚರು ಅದನ್ನು ಮುಟ್ಟಿ ನೋಡಿ ಮೆಚ್ಚುತ್ತಾರೆ.

ಹಾಗೆ ನೋಡಿದರೆ ರಾಜಮನೆತನದ ಚರಿತ್ರೆ ಇವನ ಸೈಕಲ್ ದಾರಿಯಲ್ಲೇ ಇದೆ. ಡಚ್ಚರು ರಾಷ್ಟ್ರಪಿತನೆನ್ನುವ ವಿಲಿಯಂ 1584ರಲ್ಲಿ ಗುಂಡಿಗೆ ಬಲಿಯಾದದ್ದು ಇದೇ ಡೆಲ್ಫ್ಟ್‌ನಲ್ಲಿ, ಅವನ ಸಮಾಧಿ ಇರುವುದು ಮಾರ್ಕೆಟ್ ಚೌಕದ ನ್ಯೂವೆ ಕೆರ್ಕ್ ಎಂಬ ಚರ್ಚಿನಲ್ಲಿ. ಹುಡುಗ ದಿನಾ ಅದರ ಪಕ್ಕದಲ್ಲೇ ಹೋಗುತ್ತಾನೆ, ಒಳಗೆ ಕಾಲಿಟ್ಟಿಲ್ಲ. ಟಿಕೆಟ್ ಇದೆಯಲ್ಲ! ‘ಒಳಗೇನಿದೆ ಗುರೂ, ಗೋರಿ ತಾನೆ? ಗೋಪುರ ಹೊರಗಿಂದಾನೇ ಚೆನ್ನಾಗಿ ಬರುತ್ತೆ ಫೋಟೊಲಿ.’

ಹಬ್ಬಕ್ಕೆ ಮಾತ್ರ ಆಮ್‌ಸ್ಟರ್‌ಡ್ಯಾಮೇ ಆಗಬೇಕು. ಕಾಲುವೆ ತುಂಬ ದೋಣಿ, ದೋಣಿ ತುಂಬ ಜನ, ಜನರ ಕೈಯಲ್ಲಿ ಬಿಯರ್. ದೋಣಿ ಬಾಡಿಗೆ ಕೇಳಿದ ಮೇಲೆ ಇವನಿಗೆ ಸೇತುವೆಯ ಮೇಲಿನ ನೋಟವೇ ಹೆಚ್ಚು ಕಲಾತ್ಮಕ ಅನ್ನಿಸುತ್ತದೆ. ದಾರಿಯ ಮನೆಯವರು ತಮ್ಮ ಪಾಯಖಾನೆಗೂ ಬೋರ್ಡು ಬರೆದು ದುಡ್ಡು ಕೇಳುತ್ತಾರೆ. ವಾಪಸು ಹೋಗುವ ಇಂಟರ್‌ಸಿಟಿ ಟ್ರೈನಿನಲ್ಲಿ ಅದು ಪುಕ್ಕಟೆ ಎಂದು ನೆನೆದು ಹುಡುಗ ತಡೆದುಕೊಳ್ಳುತ್ತಾನೆ. ವೊಂಡೆಲ್‌ಪಾರ್ಕಿನಲ್ಲಿ ಒಬ್ಬ ಪೋರ, ದುಡ್ಡು ಕೊಟ್ಟವರಿಂದ ಮುಖಕ್ಕೆ ಮೊಟ್ಟೆಯೇಟು ತಿನ್ನುತ್ತ ನಿಂತಿದ್ದಾನೆ. ‘ಎಷ್ಟು ಆಮ್ಲೆಟ್ ಆಗ್ತಿತ್ತು!’ ಎಂದು ಇವನ ಹೊಟ್ಟೆ ಉರಿಯುತ್ತದೆ.

ಆದರೆ ಈ ದಿನ ಇನ್ನೊಂದು ಸವಲತ್ತಿದೆ. ಯಾರು ಬೇಕಾದರೂ ಲೈಸೆನ್ಸಿನ ಗೋಜಿಲ್ಲದೆ ಬೀದಿಯಲ್ಲಿ ಕಂಬಳಿ ಹಾಸಿ ಮನೆಯ ಹಳೇ ಸಾಮಾನು ಮಾರಬಹುದು. ನಾಜೂಕಿನ ಡಚ್ಚರೆಲ್ಲ ಒಂದು ದಿನದ ಮಟ್ಟಿಗೆ ಸಂಡೇ ಬಜಾರಿನವರಾಗುತ್ತಾರೆ. ಮ್ಯೂಸಿಯಂ ಮುಂದೆ ಮಂಕಾಗಿದ್ದ ನಮ್ಮವನ ಕಣ್ಣಿಗೆ ಈಗ ಕಳೆ ಬರುತ್ತದೆ. ಕಾಫಿ ಕಪ್ಪು, ಒಂಟಿ ಸ್ಕೇಟು, ರಾಣಿ ಬೇಯಾಟ್ರಿಕ್ಸ್ ಚಿತ್ರದ ಬಿಸ್ಕತ್ತಿನ ಡಬ್ಬಿ ಇವುಗಳ ನಡುವೆ ಅವನಿಗೆ ಕಂಡದ್ದು ಮೂರು ಲೀಟರಿನ ಪ್ರೆಶರ್ ಕುಕ್ಕರ್! ಯಾವ ಕಾಲದ ಎಂ.ಎಸ್. ಹುಡುಗ ಬಿಟ್ಟು ಹೋದದ್ದೋ. ಮಾರುತ್ತಿದ್ದವಳು ಎಂಟೊಂಬತ್ತು ವರ್ಷದ ಹುಡುಗಿ, ಕೆನ್ನೆಯ ಮೇಲೆ ಡಚ್ ಬಾವುಟ. ಬೆಲೆ 5 ಯುರೋ.

ಹುಡುಗ ಕುಕ್ಕರಿನ ಬುಡ ತಟ್ಟಿದ, ಮುಚ್ಚಳ ತಿರುವಿದ, ಗ್ಯಾಸ್ಕೆಟ್ ಎಳೆದು ನೋಡಿ ಮುಖ ಸಿಂಡರಿಸಿದ. ವೆಯ್ಟ್ ಇರಲಿಲ್ಲ. ಅವನು 2 ಅಂದ, ಅವಳು 5 ಅಂದಳು. ಅವನು ಚಿಕ್ಕಪೇಟೆಯಲ್ಲಿ ಅಮ್ಮ ಮಾಡುವಂತೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದ. ಚಿಕ್ಕಪೇಟೆಯಲ್ಲಾದರೆ ಕೂಗಿ ಕರೆಯುತ್ತಾರೆ. ಇವಳು ಸ್ಟ್ರಾ ಬಾಯಿಗಿಟ್ಟು ಜ್ಯೂಸ್ ಹೀರುತ್ತ ಕೂತಳು. ಅವನೇ ತಿರುಗಿ ಬಂದು 5 ಕೊಟ್ಟ. ವ್ಯಾಪಾರದಲ್ಲಿ ಜಗತ್ತನ್ನೇ ಸುತ್ತಿ ಬಂದವರ ಮೊಮ್ಮಗಳು ಅವಳು, ಇವನು ಎಷ್ಟರವನು?

ರಾತ್ರಿ ವಿಡಿಯೊ ಕಾಲ್‌ನಲ್ಲಿ ಮೈಸೂರಿನ ಅಮ್ಮನಿಗೆ ಕುಕ್ಕರಿನ ದರ್ಶನವಾಯಿತು.

‘ಅದಿರ್ಲಿ, ರಾಜನ್ನ ನೋಡಿದ್ಯೇನೋ? ಅಂಬಾರೀಲಿ ಬಂದ್ನಾ?’

‘ಇಲ್ಲಮ್ಮ. ವರ್ಷಕ್ಕೊಂದು ಊರಿಗೆ ಹೋಗ್ತಾನೆ, ಈ ಸಲ ಬೇರೆ ಕಡೆ. ಅಲ್ಲೂ ನಡ್ಕೊಂಡೇ ಹೋಗಿ ಜನಕ್ಕೆ ಕೈ ಕುಲುಕ್ತಾನಂತೆ.’

‘ಆನೆ ಇಲ್ವಾ?’

‘ಆನೆ ಇಲ್ಲ. ವಿಮಾನ ಓಡಿಸ್ತಾನೆ. ರಾಜ ಆದ್ಮೇಲೂ ತಿಂಗಳಿಗೆ ಎರಡು ಸಲ ಕೆಎಲ್‌ಎಂ ವಿಮಾನದಲ್ಲಿ ಕೋ-ಪೈಲಟ್ ಆಗಿ ಹೋಗ್ತಿದ್ನಂತೆ, ಎಷ್ಟೋ ಪ್ಯಾಸೆಂಜರ್‌ಗಳಿಗೆ ಗೊತ್ತೇ ಇರ್ಲಿಲ್ವಂತೆ.’

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು.

‘ರಾಜ ಆದ್ಮೇಲೂ ಡ್ಯೂಟಿಗೆ ಹೋಗ್ತಾನೆ ಅಂದ್ರೆ, ಪಾಪ, ಅವ್ನಿಗೂ ಏನೋ ಲೋನ್ ಇರ್ಬೇಕು ಕಣೋ.’