ಜ್ವರಕ್ಕಿನ್ನೂ ಸ್ವಾತಂತ್ರ್ಯ ಬಂದಿಲ್ಲ

ಅಮೆರಿಕದವರ ಫ್ಯಾರನ್‌ಹೀಟ್ ಕಂಡರೆ ನಮಗೆ ನಗು. ಇಡೀ ಜಗತ್ತು ಸೆಲ್ಸಿಯಸ್‌ನಲ್ಲಿ ಬೆವರುತ್ತಿದ್ದರೂ ಅವರಿಗೆ ಬುದ್ಧಿ ಬರಲಿಲ್ಲವಂತೆ. ಹೀಗೆ ನಕ್ಕ ಮಹಾಶಯನೇ ರಾತ್ರಿ ಕಂಕುಳಿಂದ ಥರ್ಮಾಮೀಟರ್ ತೆಗೆದು, ‘ನೂರಾ ಎರಡು ಇದೆ ಕಣೇ’ ಎಂದು ಹೆಂಡತಿಯನ್ನು ಕೂಗುತ್ತಾನೆ. ಅದೇನು ಸೆಲ್ಸಿಯಸ್ಸೇ? ಆಗಿದ್ದರೆ ಅವನ ಮೈಮೇಲೆ ಡಿಕಾಕ್ಷನ್ ಇಳಿಸಬಹುದಿತ್ತು.

ಮೆಟ್ರಿಕ್ ಪದ್ಧತಿಗೆ ಕಾನೂನು ಬಂದದ್ದು 1956ರಲ್ಲಿ. ಸೇರು ಹೋಯಿತು. ಮಣ ಹೋಯಿತು. ಮೈಲಿಗಲ್ಲಿನ ಮೇಲೂ ಕಿಲೋಮೀಟರ್ ಬಂತು. ಜ್ವರ ಮಾತ್ರ ಬ್ರಿಟಿಷರ ಮಂಚದ ಮೇಲೇ ಮಲಗಿದೆ.

ಬಿಸಿಲಿಗೊಂದು ಅಳತೆ, ಮೈಗೊಂದು ಅಳತೆ. ಕಲಬುರಗಿಯಲ್ಲಿ 42 ಎಂದರೆ ಅಯ್ಯೋ ಎನ್ನುವವರಿಗೆ, ಜ್ವರ 39 ಇದೆ ಎಂದು ಹೇಳಿ ನೋಡಿ. ಅಷ್ಟೇನಾ ಎನ್ನುತ್ತಾರೆ. ಸ್ವಾಮಿ, ಅದು 102.2. ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, 32 ಕೂಡಿಸಿ. ಹೈಸ್ಕೂಲಿನಲ್ಲಿ ಇದನ್ನೇ ಗಟ್ಟು ಹೊಡೆದು ಅಂಕ ಎಣಿಸಿಕೊಂಡವರು ನೀವು. ಈಗ ಮನೆಗಿಬ್ಬರು ಎಂಜಿನಿಯರು. ಲೆಕ್ಕಕ್ಕೆ ಮೊಬೈಲ್ ಬೇಕು.

ಇನ್ನು ಆ ಪರಮಪವಿತ್ರ 98.6. ಗಾಯತ್ರಿ ಮಂತ್ರ ಮರೆತವರಿಗೂ ಇದು ಬಾಯಿಪಾಠ. ಜರ್ಮನಿಯ ವೈದ್ಯ ವುಂಡರ್‌ಲಿಖ್ 1868ರ ತನ್ನ ಪುಸ್ತಕದಲ್ಲಿ, ಸಾವಿರಾರು ರೋಗಿಗಳ ಕಂಕುಳು ಅಳೆದು, ಆರೋಗ್ಯವಂತರ ಮೈ 37 ಡಿಗ್ರಿ ಸೆಲ್ಸಿಯಸ್ ಆಸುಪಾಸು ಎಂದ. ಆಸುಪಾಸು! ಆ ದುಂಡು ಸಂಖ್ಯೆಯನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದಾಗ ಬಾಲದಲ್ಲಿ ದಶಮಾಂಶ ಅಂಟಿಕೊಂಡಿತು. ಅಂದಾಜಿಗೆ ಕೋಟು ತೊಡಿಸಿದರು, ನಾವು ಎದ್ದು ನಿಂತು ಕೈಮುಗಿದೆವು. ಮೈ ಬೆಳಗ್ಗೆ ತಣ್ಣಗಿರುತ್ತದೆ, ಸಂಜೆ ತುಸು ಬೆಚ್ಚಗಾಗುತ್ತದೆ. ಯಾರಿಗೆ ಬೇಕು? ಸಂಜೆ 98.9 ಬಂತೋ, ನಾಳೆ ಮಗುವಿಗೆ ಶಾಲೆಗೆ ರಜೆ.

ಕೊರೊನಾ ಕಾಲದ ಗನ್ ನೆನಪಿದೆಯೇ? ಮಾಲಿನ ಬಾಗಿಲಲ್ಲಿ ಹಣೆಗೆ ಗುರಿ. ಕೆಲವರಿಗೆ ಮಣಿಕಟ್ಟಿಗೆ. 94 ಬಂತು. ‘ನಾರ್ಮಲ್ ಸಾರ್, ಹೋಗಿ.’ 94 ಎಂದರೆ ಸೆಲ್ಸಿಯಸ್‌ನಲ್ಲಿ 34.4. ಮೈಯೊಳಗಿನ ತಾಪ 35ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಹಿಮದಲ್ಲಿ ಸಿಕ್ಕಿಬಿದ್ದವರ ಸ್ಥಿತಿ. ಬಿಸಿಲಲ್ಲಿ ಕ್ಯೂ ನಿಂತ ನಾವೆಲ್ಲ, ಆ ಗನ್ನಿನ ಪ್ರಕಾರ, ಮರಗಟ್ಟುತ್ತಿದ್ದೆವು. ಯಾರೂ ಕಂಬಳಿ ತರಲಿಲ್ಲ. ಬದಲಿಗೆ ಹೆಸರು, ಫೋನ್ ನಂಬರಿನ ಪಕ್ಕ 94 ಎಂದು ರಿಜಿಸ್ಟರಿನಲ್ಲಿ ಬರೆದರು. ಕೆಳಗೆ ಸಹಿ ಬೇರೆ ಹಾಕಿಸಿಕೊಂಡರು.

ಈಗಿನ ಎಷ್ಟೋ ಡಿಜಿಟಲ್ ಥರ್ಮಾಮೀಟರುಗಳಲ್ಲಿ ಎರಡೂ ಅಳತೆ ಇರುತ್ತವೆ. ಗುಂಡಿ ಒತ್ತಿ ಹಿಡಿದರೆ ಬದಲಾಗುತ್ತದೆ. ಮೊಮ್ಮಗ ಆಟಕ್ಕೆ ಒತ್ತಿದ. 36.8 ತೋರಿಸಿತು. ಮನೆಯವರೆಲ್ಲ ಸರದಿಯಲ್ಲಿ ಬಾಯಿಗಿಟ್ಟು ನೋಡಿದರು. ಎಲ್ಲರಿಗೂ ಮೂವತ್ತಾರು ಚಿಲ್ಲರೆ. ಕೆಟ್ಟುಹೋಗಿದೆ ಎಂದು ತೀರ್ಮಾನವಾಯಿತು. ಮೆಡಿಕಲ್ ಶಾಪಿನವನೂ ತಿರುಗಿಸಿ ಮುರುಗಿಸಿ ನೋಡಿ, ಹೌದು ಎಂದು ತಲೆಯಾಡಿಸಿ ಹೊಸದು ಕೊಟ್ಟ.